ಹೆಸರಿಲ್ಲದ ಸಿನಿಮಾದ ಅಳು

ಫ್ಯೂನರಲ್ ಹೋಮಿನ ಬಾಗಿಲಲ್ಲಿ ನಿಂತು ಬೂಟಿಗೆ ಮೆತ್ತಿದ್ದ ಹಿಮ ಕೊಡವುತ್ತಿದ್ದ ಸಂಗನಬಸಪ್ಪನ ತೋಳು ಹಿಡಿದು, ಕೌಸಲ್ಯಾ ಅವನನ್ನು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದಳು. ಒಳಗೆ ಅವಳ ಗಂಡ ಶೇಷಾದ್ರಿಯ ದೇಹದ ಪಕ್ಕ ಪುರೋಹಿತರು ದರ್ಭೆಯ ಕಟ್ಟು ಬಿಚ್ಚುತ್ತಿದ್ದರು. ಪಾರ್ಕಿಂಗ್ ಲಾಟಿನಲ್ಲಿ ಇನ್ನೂ ಕಾರುಗಳು ಬಂದು ನಿಲ್ಲುತ್ತಿದ್ದವು. ಶಿಕಾಗೋ ಬಳಿಯ ನೇಪರ್‌ವಿಲ್ಲಿನಿಂದ ಡೆಟ್ರಾಯ್ಟ್ ಪಕ್ಕದ ನೋವೈವರೆಗೆ ಒಬ್ಬನೇ ಕಾರು ಓಡಿಸಿಕೊಂಡು ಬಂದಿದ್ದ ಸಂಗನಬಸಪ್ಪ, ಈ ಹೆಂಗಸಿಗೆ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದ. ಅದರಲ್ಲಿ ಒಂದನ್ನೂ ಆಡಲು ಅವಳು ಬಿಡಲಿಲ್ಲ.

"ಸಂಗಣ್ಣ, ಅವರ ರೆಕಾರ್ಡರ್ ನಿಮ್ಮ ಹತ್ರಾನೇ ಇದೆಯಲ್ವಾ?"

"ಕಾರಿನ್ಯಾಗ ಐತ್ರಿ ಅಕ್ಕಾರ. ವಾಪಸ್ ಕೊಡೂಣು ಅಂತ ತಂದೀನಿ."

"ಒಳಗೆ ತನ್ನಿ. ನಂಗೆ ಇನ್ನೂ ಅಳು ಬಂದಿಲ್ಲ. ಇವತ್ತು ಬರತ್ತೆ. ಬಂದಾಗ ಹಿಡ್ಕೊಂಡುಬಿಡಿ."

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಶಿವ ಶಿವ ಎಂದು ಒಂದು ಹೆಜ್ಜೆ ಹಿಂದೆ ಸರಿದ. ಯಾರದೋ ಒದ್ದೆ ಕೋಟು ಬೆನ್ನಿಗೆ ತಾಗಿತು.

"ಬ್ಯಾಡ್ರಿ. ಇದು ಪಾಪ ಆಗ್ತೈತಿ."

"ಪಾಪ ಆಮೇಲೆ ನೋಡ್ಕೊಳೋಣ. ಆ ಮನುಷ್ಯ ಇಡೀ ವರ್ಷ ನನ್ನ ಹತ್ರ ಕೇಳಿದ್ದು ಇದೊಂದೇ. ನನ್ನ ಕೈಲಿ ಕೊಡಕ್ಕಾಗ್ಲಿಲ್ಲ. ಇದು ಒಂದೇ ಸಲ ಬರೋದು ಸಂಗಣ್ಣ. ಇನ್ನೊಂದು ಟೇಕ್ ಇರಲ್ಲ."

ಟೇಕ್ ಎನ್ನುವುದು ಶೇಷಾದ್ರಿ ರೆಕಾರ್ಡಿಂಗಿನಲ್ಲಿ ಆಡುತ್ತಿದ್ದ ಮಾತು.  ಅವಳು ಅವನ ಉತ್ತರಕ್ಕೆ ಕಾಯಲಿಲ್ಲ, ಸೆರಗು ಬಿಗಿದು ಒಳಗೆ ನಡೆದುಬಿಟ್ಟಳು.

* * *

ಶೇಷಾದ್ರಿಯ ಕಸುಬು ಸದ್ದು ಕೊಲ್ಲುವುದು. ನೋವೈ ಪಕ್ಕದ ವಿಕ್ಸಮ್ಮಿನ ಒಂದು ಲ್ಯಾಬಿನಲ್ಲಿ ಹೊಸ ಕಾರುಗಳೊಳಗೆ ಕೂತು ಕಿವಿಗೊಟ್ಟು, ಡ್ಯಾಶ್‌ಬೋರ್ಡಿನ ಕಟಕಟ ಎಲ್ಲಿಂದ, ಕಿಟಕಿಯ ಸುಯ್ ಎಲ್ಲಿಂದ ಎಂದು ಪತ್ತೆ ಹಚ್ಚಿ ಅದು ಇಲ್ಲದಂತೆ ಮಾಡುತ್ತಿದ್ದ. ಮೈಸೂರಿನವನು, ಮೆತ್ತನೆಯ ಮಾತಿನವನು. ಊಟಕ್ಕೆ ಕರೆದವರ ಮನೆಯಲ್ಲಿ ಎಲೆಗೆ ಸಾರು ಬೀಳುವ ಮೊದಲೇ, ನಿಮ್ಮ ಫ್ರಿಜ್ಜಿನ ಮೋಟರು ಈ ಬೇಸಿಗೆ ದಾಟಲ್ಲ ಎಂದುಬಿಡುತ್ತಿದ್ದ. ಅದು ದಾಟುತ್ತಲೂ ಇರಲಿಲ್ಲ. ಹಾಗಾಗಿ ಜನ ಅವನನ್ನು ಊಟಕ್ಕೆ ಕರೆಯಲು ತುಸು ಹೆದರುತ್ತಿದ್ದರು.

ಎರಡು ಸಾವಿರದ ಒಂಬತ್ತರ ಚಳಿಗಾಲದಲ್ಲಿ ಆ ಲ್ಯಾಬನ್ನೇ ಮುಚ್ಚಿದರು. ಕಾರು ಕೊಳ್ಳುವವರೇ ಇಲ್ಲದಿರುವಾಗ ಅದರ ಸದ್ದು ಯಾರಿಗೆ ಬೇಕು? ಡೆಟ್ರಾಯ್ಟಿಗೆ ಬಂದದ್ದು ಶಿಕಾಗೋಕ್ಕೆ ಬರದೆ ಇರುತ್ತದೆಯೇ. ಊರಿಗೆ ಬಂದವಳು ನೀರಿಗೆ ಬರಲೇಬೇಕು. ಆ ವಸಂತದಲ್ಲಿ ಸಂಗನಬಸಪ್ಪನ ಸಾಫ್ಟ್‌ವೇರ್ ಕೆಲಸವೂ ಹೋಯಿತು. ಕನ್ನಡ ಕೂಟದ ಸಮಾರಂಭಗಳಲ್ಲಿ ಕೆಲಸ ಹೇಗಿದೆ ಎಂದು ಕೇಳುವುದನ್ನು ಜನ ತಾವಾಗಿಯೇ ಬಿಟ್ಟರು. ಮಕ್ಕಳು ಏನು ಓದುತ್ತಿದ್ದಾರೆ ಎಂದು ಕೇಳಿ, ಪಾಯಸದ ಬಟ್ಟಲು ಹಿಡಿದು ಬೇರೆ ಕಡೆ ನೋಡುತ್ತಿದ್ದರು.

ಸಿನಿಮಾ ರೀಲಿನ ಡಬ್ಬಿಗಳನ್ನು ಶೇಷಾದ್ರಿಗೆ ತಂದುಕೊಟ್ಟವನು ಅವನ ಗೆಳೆಯ ಸಂಗನಬಸಪ್ಪನೇ. ನೇಪರ್‌ವಿಲ್ಲಿನ ಒಬ್ಬ ಮುದಿ ಡಾಕ್ಟರು ಮನೆ ಮಾರಿ ಫ್ಲೋರಿಡಾಕ್ಕೆ ಹೊರಟಿದ್ದರು. ಬೇಸ್‌ಮೆಂಟ್ ಖಾಲಿ ಮಾಡಲು ನೆರವಿಗೆ ಹೋದವನಿಗೆ ತಗಡಿನ ಚಪ್ಪಟೆ ಡಬ್ಬಿಗಳು ಸಿಕ್ಕವು. ಎಪ್ಪತ್ತರ ದಶಕದಲ್ಲಿ ಶಾಲೆಗಳ ಹಾಲ್ ಬಾಡಿಗೆಗೆ ಹಿಡಿದು ನಾವು ಸಿನಿಮಾ ತೋರಿಸುತ್ತಿದ್ದೆವು, ಚಕ್ಕುಲಿ ಮಾರುತ್ತಿದ್ದೆವು ಎಂದು ಡಾಕ್ಟರು ನೆನೆದರೇ ಹೊರತು, ಇದು ಯಾವ ಸಿನಿಮಾ ಎಂದು ಅವರಿಗೂ ನೆನಪಾಗಲಿಲ್ಲ. ಮೊದಲ ಡಬ್ಬಿಯೇ ಇರಲಿಲ್ಲ, ಹಾಗಾಗಿ ಹೆಸರೂ ಇರಲಿಲ್ಲ. ನಡುವೆಯೂ ಒಂದು ಕಾಣೆಯಾಗಿತ್ತು. ಫಿಲ್ಮಿನ ಒಂದು ಅಂಚಿನಲ್ಲಿ ಸದ್ದಿನ ಪಟ್ಟಿ ಇರುತ್ತದೆ. ನೆಲಮಾಳಿಗೆಯ ತೇವಕ್ಕೆ ಸರಿಯಾಗಿ ಆ ಅಂಚಿಗೇ ಬೂಷ್ಟು ಹಿಡಿದು, ಚಿತ್ರ ಉಳಿದು ಮಾತು ಹೋಗಿತ್ತು.

ಮುಚ್ಚಿಹೋದ ಒಂದು ಶಾಲೆಯ ಹರಾಜಿನಲ್ಲಿ ಶೇಷಾದ್ರಿ ಪ್ರೊಜೆಕ್ಟರ್ ತಂದ. ತನ್ನ ಮನೆಯ ಬೇಸ್‌ಮೆಂಟಿನ ಗೋಡೆಯ ಮೇಲೆ ಸಿನಿಮಾ ಬಿಟ್ಟು, ಅದನ್ನು ಕ್ಯಾಮರಾದಲ್ಲಿ ಹಿಡಿದು ಕಂಪ್ಯೂಟರಿಗೆ ಹಾಕಿಕೊಂಡ. ಕಪ್ಪು ಬಿಳುಪಿನ ಜನ ಬಾಯಿ ತೆರೆದು ಮುಚ್ಚುತ್ತಿದ್ದರು, ಕುಣಿಯುತ್ತಿದ್ದರು, ಜಗಳವಾಡುತ್ತಿದ್ದರು. ಒಂದು ಪಿಟಕ್ ಎನ್ನುವ ಸದ್ದೂ ಇಲ್ಲ. ಜೀವಮಾನವೆಲ್ಲ ಸದ್ದು ತೆಗೆದವನಿಗೆ ಸದ್ದು ಹಾಕುವ ಹುಚ್ಚು ಹಿಡಿಯಿತು. ಬರುವ ಯುಗಾದಿಗೆ ಕನ್ನಡ ಕೂಟದಲ್ಲಿ ಇದನ್ನು ತೋರಿಸೋಣ ಎಂದ. ಮಾತು ನಮ್ಮದೇ, ಸಂಗೀತವೂ ನಮ್ಮದೇ.

ಕೆಲಸ ಹೋದವರಿಗೆ ಸಮಯದ ಬರವೇ? ಶನಿವಾರ ಬಂತೆಂದರೆ ಆ ಬೇಸ್‌ಮೆಂಟು ತುಂಬುತ್ತಿತ್ತು. ತುಟಿ ಚಲಿಸುವುದನ್ನು ನೋಡಿ ನೋಡಿ, ಅಂಗಿಗೆ ತೇಪೆ ಹಾಕುವ ಹಾಗೆ ಅಳೆದು ಮಾತು ಹೊಂದಿಸಿದರು. ಕನ್ನಡ ಕೂಟದ ಡಾಕ್ಟರ್ ಭಾನು ಸಿನಿಮಾದ ಸಾಹುಕಾರನ ತಂಗಿಗೆ ದನಿಯಾದಳು. ಕೂಟದವಳೇ ಆದ ಪದ್ಮ ವೀಣೆ ತಂದಳು. ಸಂಗನಬಸಪ್ಪನ ತಂದೆ ಧಾರವಾಡದ ಕಡೆಯ ನಾಟಕ ಕಂಪನಿಯಲ್ಲಿ ಕಾಲು ಪೆಟ್ಟಿಗೆ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ನುಡಿಸಿದವರು. ಮಗ ತನ್ನ ಹಾರ್ಮೋನಿಯಂ ಪೆಟ್ಟಿಗೆಯನ್ನು ಕಾರಿನ ಹಿಂದಿನ ಸೀಟಿಗೆ ಬೆಲ್ಟ್ ಹಾಕಿ ಕೂರಿಸಿಕೊಂಡು ಬರುತ್ತಿದ್ದ. ನಿಮ್ಮ ಹೆಂಡತಿಯನ್ನೂ ಇಷ್ಟು ಜೋಪಾನವಾಗಿ ಕರೆದುಕೊಂಡು ಬಂದಿಲ್ಲ ನೀವು ಎಂದು ಶೇಷಾದ್ರಿ ನಗುತ್ತಿದ್ದ. ರೆಕಾರ್ಡಿಂಗ್ ಶುರುವಾಗುವ ಮೊದಲು ಮೇಲೆ ಹೋಗಿ ಫ್ರಿಜ್ಜು ಆರಿಸಿ ಬರುತ್ತಿದ್ದ. ಹಾಲು ಒಡೆಯಿತೆಂದು ಕೌಸಲ್ಯಾ ಬೈಯುತ್ತಿದ್ದಳು. ಆಮೇಲೆ ವಾರವಿಡೀ ಒಬ್ಬನೇ ಕೂತು, ಪದ್ಮಳ ಕೆಮ್ಮು, ಬೀದಿಯ ಲಾರಿ, ಯಾರದೋ ಬಳೆ, ಎಲ್ಲವನ್ನೂ ಅಕ್ಕಿಯಲ್ಲಿನ ಕಲ್ಲು ಆರಿಸುವಂತೆ ಆರಿಸಿ ತೆಗೆಯುತ್ತಿದ್ದ.

ಎಲ್ಲ ಸಾಂಗವಾಗಿ ನಡೆದು ಕೊನೆಯ ರೀಲಿನಲ್ಲಿ ಕೆಟ್ಟಿತು. ಅದರಲ್ಲಿ ಸಿನಿಮಾದ ನಾಯಕಿ ಕಿಟಕಿಯಲ್ಲಿ ನಿಂತಿದ್ದಾಳೆ. ಹೊರಗೆ ಒಂದು ಎತ್ತಿನ ಗಾಡಿ ಹೋಗುತ್ತದೆ. ಅವಳು ಬಾಯಿ ತೆರೆದು ಅಳುತ್ತಾಳೆ, ಅಳುತ್ತಲೇ ಇರುತ್ತಾಳೆ. ಗಾಡಿಯಲ್ಲಿ ಯಾರಿದ್ದಾರೆ, ಬದುಕಿದ್ದಾರೋ ಸತ್ತಿದ್ದಾರೋ ಯಾರಿಗೂ ತಿಳಿಯದು. ಅದು ಕಾಣೆಯಾದ ಡಬ್ಬಿಯಲ್ಲಿತ್ತು. ನಾಯಕಿಯ ದನಿ ಕೌಸಲ್ಯಾಳದು. ಅವಳು ಅತ್ತಳು. ಶೇಷಾದ್ರಿ ಇಯರ್‌ಫೋನು ತೆಗೆದು ತಲೆಯಾಡಿಸಿದ.

"ಇದು ಅಳು ಅಲ್ಲ ಕೌಸಲ್ಯಾ. ಅಳೋ ಹೆಂಗಸನ್ನ ನೋಡಿರೋ ಹೆಂಗಸಿನ ಸದ್ದು. ಅಳೋಕೆ ಮುಂಚೆ ಒಂದು ಉಸಿರು ಬರತ್ತೆ ನೋಡು, ಅದು ಇಲ್ಲ ಇದರಲ್ಲಿ."

ಮುಂದಿನ ಶನಿವಾರವೂ ಅದೇ, ಅದರ ಮುಂದಿನದೂ ಅದೇ. ಭಾನು ಅತ್ತಳು, ಪದ್ಮ ಈರುಳ್ಳಿ ಹೆಚ್ಚಿ ಅತ್ತಳು. ಯಾವುದೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಸಂಗನಬಸಪ್ಪನಿಗೆ ಸಾಕಾಗಿ, ಅಳುವಿನ ಮೇಲೆ ಪೆಟ್ಟಿಗೆಯ ಆಲಾಪ ಎಳೆದುಬಿಡುತ್ತೇನೆ, ಮುಚ್ಚಿಹೋಗುತ್ತದೆ, ನಾಟಕದಲ್ಲಿ ನಮ್ಮಪ್ಪ ಅದನ್ನೇ ಮಾಡುತ್ತಿದ್ದ ಎಂದ.

"ಮುಚ್ಚೋದಾದ್ರೆ ಬೂಷ್ಟೇ ಸಾಕಾಗಿತ್ತಲ್ಲ ಸಂಗಣ್ಣ," ಎಂದ ಶೇಷಾದ್ರಿ.

ಅವತ್ತು ಕೌಸಲ್ಯಾ ಎದ್ದು ನಿಂತಳು. ವರ್ಷದಿಂದ ಕೆಲಸ ಇಲ್ಲ, ಇನ್ಶೂರೆನ್ಸ್ ಹೋಗಿದೆ, ನನ್ನ ಅರ್ಧ ದಿನದ ಲೈಬ್ರರಿ ಕೆಲಸದಲ್ಲಿ ಮನೆ ನಡೀತಿದೆ, ಆ ಹೆಂಗಸು ಯಾರಿಗೆ ಅಳ್ತಾಳೆ ಅನ್ನೋದೇ ಗೊತ್ತಿಲ್ಲ, ನಾನು ಹೇಗೆ ಅಳಲಿ ಎಂದು ಎಲ್ಲರೆದುರು ಕೇಳಿ ಮೆಟ್ಟಿಲು ಹತ್ತಿ ಹೋದಳು. ಶೇಷಾದ್ರಿ ಸಣ್ಣ ಮುಖ ಮಾಡಿಕೊಂಡು, ಅಳು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಆಯಿತಲ್ಲ, ಅದೂ ಆಗುತ್ತದೆ ಬಿಡಿ ಎಂದ. ಬಿಡಿ ಎಂದವನು ತಾನು ಮಾತ್ರ ಬಿಟ್ಟಿರಲಿಲ್ಲ. ಸಂಗನಬಸಪ್ಪ ಹೊರಡುವಾಗ ತನ್ನ ಚಿಕ್ಕ ರೆಕಾರ್ಡರನ್ನು ಅವನ ಕೈಗಿಟ್ಟು, ನಿಮ್ಮ ಕಡೆ ಯಾವುದಾದರೂ ಒಳ್ಳೆಯ ಅಳು ಕಿವಿಗೆ ಬಿದ್ದರೆ ಹಿಡಿದುಕೊಂಡು ಬನ್ನಿ ಎಂದ. ಅದೇ ಕಡೆಯ ಭೇಟಿ.

* * *

ಫ್ಯೂನರಲ್ ಹೋಮಿನ ಪ್ರಾರ್ಥನಾ ಕೋಣೆಯಾದ ಚಾಪೆಲ್ಲಿನಲ್ಲಿ ಜನ ಗೋಡೆಯವರೆಗೂ ನಿಂತಿದ್ದರು. ಶೇಷಾದ್ರಿಗೆ ಪಂಚೆ ಉಡಿಸಿ, ನಾಮ ಇಟ್ಟಿದ್ದರು. ಮಗಳು ಮಾನ್ಯಾ ತಂದೆಯ ತಲೆಯ ಹತ್ತಿರ ನಿಂತು ಪುರೋಹಿತರು ಹೇಳಿದ್ದನ್ನು ಹೇಳಿದಂತೆ ಮಾಡುತ್ತಿದ್ದಳು. ಗಂಡು ದಿಕ್ಕು ಯಾರಾದರೂ ಇದ್ದಾರೆಯೇ ಎಂದು ಪುರೋಹಿತರು ಮೊದಲು ವಿಚಾರಿಸಿದ್ದರಂತೆ. ಐ ಯಾಮ್ ಹಿಸ್ ಡಾಟರ್ ಎಂದು ಅವಳು ದರ್ಭೆಗೆ ಬೆರಳು ಚಾಚಿದ್ದಳಂತೆ.

ಸಂಗನಬಸಪ್ಪನ ಪಕ್ಕದಲ್ಲಿದ್ದ ಡಾಕ್ಟರ್ ಭಾನು ಕರವಸ್ತ್ರವನ್ನು ಹಿಂಡಿ ಹಿಂಡಿ ಕಡ್ಡಿ ಮಾಡಿದ್ದಳು. ಶೇಷಾದ್ರಿಗೆ ಎದೆನೋವು ದೀಪಾವಳಿಯ ಹೊತ್ತಿನಿಂದಲೇ ಇತ್ತಂತೆ. ಗ್ಯಾಸ್ ಎಂದು ಹೇಳಿಕೊಂಡು ಅಂಗಡಿಯ ಮಾತ್ರೆ ಚಪ್ಪರಿಸುತ್ತಿದ್ದನಂತೆ. ಮೊನ್ನೆ ಡ್ರೈವ್‌ವೇಯ ಹಿಮ ಎತ್ತುತ್ತಿದ್ದವನು ಸಲಿಕೆಯ ಪಕ್ಕದಲ್ಲೇ ಬಿದ್ದ. ಇದೆಲ್ಲ ಅವಳಿಗೆ ತಿಳಿದದ್ದು ಆಮೇಲೆ.

"ಪ್ರತಿ ಶನಿವಾರ ಆ ಬೇಸ್‌ಮೆಂಟಲ್ಲೇ ಕೂತಿರ್ತಿದ್ದೆನಲ್ರೀ ನಾನು," ಎಂದಳು. "ನನ್ನ ಕೈಲಿ ಸಾಹುಕಾರನ ತಂಗಿ ಡೈಲಾಗ್ ಹೇಳಿಸಿದ್ರು. ಎದೆ ನೋಡು ಭಾನು ಅಂತ ಒಂದು ಮಾತು ಹೇಳ್ಲಿಲ್ಲ. ಬಿಟ್ಟಿ ಚಿಕಿತ್ಸೆ ಕೇಳಿದ ಹಾಗಾಗತ್ತೆ ಅಂತ ಸಂಕೋಚ."

ಸಂಗನಬಸಪ್ಪನಿಗೆ ತನಗೂ ಇನ್ಶೂರೆನ್ಸ್ ಇಲ್ಲವೆಂಬುದು ನೆನಪಾಗಿ, ಆ ಗಳಿಗೆಯಲ್ಲಿ ಅದನ್ನು ನೆನೆದದ್ದಕ್ಕೆ ನಾಚಿಕೆಯೂ ಆಯಿತು.

ಕೌಸಲ್ಯಾ ಗಂಡನ ಬಾಯಿಗೆ ಅಕ್ಕಿ ಹಾಕಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಹಿಂದಿನ ಸಾಲಿನ ಹೆಂಗಸರಲ್ಲಿ ಗುಸುಗುಸು ಎದ್ದಿತು. ಅವಳನ್ನು ಹೇಗಾದರೂ ಅಳಿಸಿಬಿಡಬೇಕು, ಒಳಗೇ ಇಟ್ಟುಕೊಂಡರೆ ಹುಚ್ಚು ಹಿಡಿಯುತ್ತದೆ ಎಂದು ಪದ್ಮ ಹೇಳಿದಳು. ಯಾರೋ ಹೋಗಿ ತಬ್ಬಿಕೊಂಡರು, ಇನ್ಯಾರೋ ಅವರು ಎಷ್ಟು ಒಳ್ಳೆಯವರಿದ್ದರು ಎಂದು ನೆನಪಿಸಿದರು. ಕೌಸಲ್ಯಾ ಕೂಸಿನ ಬೆನ್ನು ತಟ್ಟುವಂತೆ ಅವರ ಬೆನ್ನು ತಟ್ಟಿದಳು. ತಟ್ಟುತ್ತಲೇ ತಲೆ ಎತ್ತಿ, ಜನರ ನಡುವೆ ಸಂಗನಬಸಪ್ಪನನ್ನು ಹುಡುಕಿ, ಅವನ ಕೈಯ ಕಡೆ ನೋಡಿದಳು. ಕೈ ಖಾಲಿ ಇತ್ತು.

ಆ ನೋಟ ಅವನಿಗೆ ತಡೆಯಲಾಗಲಿಲ್ಲ. ಹೊರಗೆ ಹೋಗಿ ಕಾರಿನಿಂದ ರೆಕಾರ್ಡರ್ ತೆಗೆದ. ಚಳಿಗೆ ಅದು ಕಬ್ಬಿಣದ ತುಂಡಿನಂತೆ ಕೊರೆಯುತ್ತಿತ್ತು. ಬಿಸಿಯಾಗಲೆಂದು ಬಗಲಲ್ಲಿ ಇಟ್ಟುಕೊಂಡು ಒಳಗೆ ಬಂದ.

ಸಂಗನಬಸಪ್ಪ ಹುಟ್ಟಿದ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಮಣ್ಣಿಗೆ ಕೊಡುತ್ತಾರೆ. ಊರಲ್ಲಿ ಅವನು ಎಷ್ಟೋ ಮಣ್ಣಿಗೆ ಹೋಗಿದ್ದ. ಅದುಮಿಟ್ಟ ಅಳುವೆಲ್ಲ ಕಿತ್ತುಕೊಂಡು ಬರುವುದು ಕುಣಿಯೊಳಗೆ ಮೊದಲ ಹಿಡಿ ಮಣ್ಣು ಬೀಳುವಾಗ ಎಂಬುದು ಅವನಿಗೆ ಗೊತ್ತಿತ್ತು. ಇಲ್ಲಿಯೂ ಅಂಥದೊಂದು ಗಳಿಗೆ ಇರಲೇಬೇಕು ಎಂದು ಲೆಕ್ಕ ಹಾಕಿದ. ಸುಡುವುದನ್ನು ಮಾತ್ರ ಅವನು ಅಲ್ಲಿಯೂ ನೋಡಿರಲಿಲ್ಲ, ಈ ದೇಶದಲ್ಲಂತೂ ಇಲ್ಲ.

ದಹನ ನಡೆಯುವ ಹಿಂದಿನ ಕಟ್ಟಡಕ್ಕೆ ಹತ್ತಾರು ಜನರನ್ನಷ್ಟೇ ಬಿಟ್ಟರು. ಬರಿಯ ಸಿಮೆಂಟಿನ ಕೋಣೆ, ಒಂದು ಗೋಡೆಯಲ್ಲಿ ಉಕ್ಕಿನ ಬಾಗಿಲು. ನೋಡಲು ದೊಡ್ಡ ಬೇಕರಿಯ ಹಿಂಭಾಗದಂತಿತ್ತು. ಸಂಗನಬಸಪ್ಪ ಕೆಲಸಗಾರನ ಕಣ್ಣಿನಿಂದ ಜಾಗ ಅಳೆದ. ಜನರ ಕಾಲಿನ ಸದ್ದು, ಕೆಮ್ಮು, ಪುರೋಹಿತರ ಮಂತ್ರ, ಇವೆಲ್ಲ ಬಲಗಡೆ. ಎಡಗಡೆ ಬಾಗಿಲಿನ ಪಕ್ಕದ ಗೋಡೆಗೆ ಒಂದು ದೊಡ್ಡ ಲೋಹದ ಪೆಟ್ಟಿಗೆ, ಕೊಳವೆಗಳು. ಅಲ್ಲಿ ಯಾರೂ ನಿಂತಿರಲಿಲ್ಲ. ಕೌಸಲ್ಯಾ ಅಲ್ಲಿಂದ ಒಂದು ಮಾರು ದೂರ. ಇದಕ್ಕಿಂತ ಒಳ್ಳೆಯ ಜಾಗ ಸಿಗದು ಎಂದು ಆ ಗೋಡೆಗೆ ಆತು ನಿಂತು, ಕೋಟಿನ ಮೇಲುಜೇಬಿನಲ್ಲಿ ರೆಕಾರ್ಡರಿನ ಮೂತಿಯಷ್ಟನ್ನೇ ಹೊರಗಿಟ್ಟು ಗುಂಡಿ ಒತ್ತಿದ. ಶೇಷಾದ್ರಿ ನೋಡಿದ್ದರೆ ಭೇಷ್ ಅನ್ನುತ್ತಿದ್ದ ಎಂದು ಮನಸ್ಸಿನಲ್ಲಿ ಸುಳಿದು ಹೋಯಿತು.

ಶೇಷಾದ್ರಿ ಉರುಳೆಗಳ ಮೇಲೆ ಸದ್ದಿಲ್ಲದೆ ಒಳಗೆ ಹೋದ. ಬಾಗಿಲು ಮೇಲಿನಿಂದ ಇಳಿಯಿತು. ಪುರೋಹಿತರು ತೋರಿಸಿದ ಹಸಿರು ಗುಂಡಿಯ ಮೇಲೆ ಮಾನ್ಯಾ ಬೆರಳಿಟ್ಟು, ತೆಗೆದು, ಮತ್ತೆ ಇಟ್ಟು ಒತ್ತಿದಳು.

ಕೌಸಲ್ಯಾಳಿಗೆ ಒಂದು ಉಸಿರು ಬಂತು. ಒಳಗೆ ಎಳೆದ ಉಸಿರು, ನೀರಿನಿಂದ ತಲೆ ಎತ್ತಿದವರದು. ಆಮೇಲೆ ಅಳು ಬಂತು. ಅದರಲ್ಲಿ ಗಂಡನ ಹೆಸರಿರಲಿಲ್ಲ, ದೇವರ ಹೆಸರಿರಲಿಲ್ಲ, ಮಾತೇ ಇರಲಿಲ್ಲ. ಸಂಗನಬಸಪ್ಪನ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ತನ್ನ ಬಿಕ್ಕು ಅದರೊಳಗೆ ಸೇರಬಾರದೆಂದು ಮಫ್ಲರಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದ. ಗೋಡೆ ನಡುಗುತ್ತಿದೆಯೆನ್ನಿಸಿತು, ನಡುಗುತ್ತಿರುವುದು ತಾನೇ ಎಂದುಕೊಂಡ.

ಆಗ ಮಾನ್ಯಾ ಈ ಕಡೆ ತಿರುಗಿದಳು. ಅವಳ ಕಣ್ಣು ಅವನ ಮುಖದಿಂದ ಜೇಬಿಗೆ ಇಳಿದು, ಅಲ್ಲಿನ ಕೆಂಪು ದೀಪದಲ್ಲಿ ನಿಂತಿತು.

"ಅಂಕಲ್," ಎಂದಳು. "ಆರ್ ಯೂ ರೆಕಾರ್ಡಿಂಗ್ ದಿಸ್?"

ಉತ್ತರ ಕೊಟ್ಟರೆ ಮಾತು ಅದರಲ್ಲಿ ಬಂದುಬಿಡುತ್ತದೆ. ತಂದೆಯನ್ನು ಆಗತಾನೆ ಬೆಂಕಿಗೆ ಕೊಟ್ಟ ಆ ಹುಡುಗಿಯ ಕಡೆ ನೋಡಿ, ಸಂಗನಬಸಪ್ಪ ತುಟಿಯ ಮೇಲೆ ಬೆರಳಿಟ್ಟ.

ಅವಳು ಮುಖಕ್ಕೆ ಹೊಡೆಸಿಕೊಂಡವಳಂತೆ ನಿಂತುಬಿಟ್ಟಳು.

* * *

ಮನೆಗೆ ಬಂದು ಒಬ್ಬೊಬ್ಬರಾಗಿ ಸ್ನಾನ ಮುಗಿಸುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಪದ್ಮ ಅನ್ನ, ಸಪ್ಪೆ ಸಾರು ತಂದು ಬಡಿಸಿದಳು. ಬಂದವರು ಉಂಡು, ಬೂಟು ಹಾಕಿಕೊಂಡು, ಹೋಗಿ ಬರುತ್ತೇವೆ ಎಂದು ಹೇಳದೆ ಹಾಗೆಯೇ ಹೋದರು. ಸಂಗನಬಸಪ್ಪನಿಗೆ ಮರುದಿನ ಬೆಳಿಗ್ಗೆ ಒಂದು ಇಂಟರ್‌ವ್ಯೂ ಇತ್ತು. ಹೊರಡಬೇಕು. ರೆಕಾರ್ಡರನ್ನು ಮೇಜಿನ ಮೇಲಿಟ್ಟು ತಪ್ಪಿಸಿಕೊಂಡು ಹೋಗಲು ನೋಡುತ್ತಿದ್ದವನ ದಾರಿಗೆ ಮಾನ್ಯಾ ಅಡ್ಡ ಬಂದಳು. 

"ಯೂ ಶಶ್ಡ್ ಮೀ," ಎಂದಳು. ನನ್ನ ಬಾಯಿ ಮುಚ್ಚಿಸಿದಿರಿ. ಅವಳ ದನಿ ಏರಿರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

"ಹೌದವ್ವಾ. ಮುಚ್ಚಿಸಿದೆ. ತಪ್ಪಾತು."

"ನಾನೇ ಹೇಳಿದ್ದು," ಎಂದಳು ಕೌಸಲ್ಯಾ ಹಿಂದಿನಿಂದ. ತಲೆಯ ಒದ್ದೆ ಆರಿರಲಿಲ್ಲ, ಕಣ್ಣು ಊದಿಕೊಂಡಿದ್ದವು. "ಅಪ್ಪಂಗೆ ಕೊನೆ ರೀಲಿಗೆ ಬೇಕಿತ್ತು. ನಡಿ ಕೆಳಗೆ. ನೀನೇ ಹಾಕ್ಬೇಕು, ನಂಗೆ ಅವರ ಕಂಪ್ಯೂಟರ್ ಬರಲ್ಲ."

ಮಾನ್ಯಾ ಅಮ್ಮನನ್ನು ನೋಡಿದಳು.  ಇವತ್ತೇ ಯಾಕೆ, ಯುಗಾದಿಗೆ ಇನ್ನೂ ದಿನವಿದೆ ಎಂದು ಕೇಳಿದಳು. ನಾಳೆ ನನಗೆ ಈ ಧೈರ್ಯ ಇರುವುದಿಲ್ಲ ಎಂದಳು ಕೌಸಲ್ಯಾ. ಸೂತಕದ ಮನೆಯಲ್ಲಿ ಇದೇನು ನಡೆಸಿದ್ದೀರಿ ಎಂದು ಪದ್ಮ ಅಡುಗೆಮನೆಯಿಂದ ಬಂದಳು. ಅವಳನ್ನು ಅಲ್ಲೇ ಬಿಟ್ಟು ಮೂವರೂ ಬೇಸ್‌ಮೆಂಟಿಗೆ ಇಳಿದರು.

ಶೇಷಾದ್ರಿಯ ಕುರ್ಚಿಯಲ್ಲಿ ಅವನ ಸ್ವೆಟರ್ ಇನ್ನೂ ನೇತಾಡುತ್ತಿತ್ತು. ಮಾನ್ಯಾ ಅದನ್ನು ತೆಗೆಯದೆ ಅಂಚಿನಲ್ಲಿ ಕೂತಳು. ಕೊನೆಯ ರೀಲನ್ನು ತೆರೆದು, ಬೆಳಗಿನ ಅಳುವನ್ನು ಅದರ ಕೆಳಗೆ ಇರಿಸಿ, ಹಿಂದೆ ಮುಂದೆ ಸರಿಸಿದಳು. ಅವಳ ಕೈ ಚುರುಕಾಗಿತ್ತು. ಅಪ್ಪನ ಹಿಂದೆ ನಿಂತು ಎಷ್ಟೋ ಸಂಜೆ ನೋಡಿದ್ದಳು. ಗಾಡಿ ಬಂತು. ಹೆಂಗಸು ಬಾಯಿ ತೆರೆದಳು. ಉಸಿರು ಸರಿಯಾಗಿ ಅಲ್ಲಿಗೆ ಬಂದು ಕೂತಿತು.

ಸಂಗನಬಸಪ್ಪನಿಗೆ ಕಿಟಕಿಯ ಹೆಂಗಸು ಯಾವ ಕಾಲದಿಂದಲೋ ಈ ಅಳುವಿಗೇ ಬಾಯಿ ತೆರೆದು ಕಾದಿದ್ದಳೆನ್ನಿಸಿತು. ಆದರೆ ಅಳುವಿನ ಜೊತೆಯಲ್ಲೇ ಇನ್ನೊಂದು ಸದ್ದು ಎದ್ದಿತು. ಮೊದಲು ಧಡ್ ಎಂದಿತು, ಆಮೇಲೆ ಗುಂಯ್ ಎಂದು ಶುರುವಾಗಿ, ಏರಿ, ಒಂದೇ ಸಮನೆ ಮೊರೆಯತೊಡಗಿತು. ಅಳು ಏರಿದಾಗ ಅದರ ಕೆಳಗೆ ಇತ್ತು, ಅಳು ಬಿಕ್ಕಿ ನಿಂತಾಗ ಅದೊಂದೇ ಇತ್ತು.

"ಏನೇ ಅದು ಹಿಂದೆ?" ಎಂದಳು ಕೌಸಲ್ಯಾ. "ತೆಗಿ ಅದನ್ನ. ಅಪ್ಪ ತೆಗೀತಿದ್ರಲ್ಲ."

ಮಾನ್ಯಾ ತೆಗೆಯಲು ನೋಡಿದಳು. ಮೊರೆತ ತಗ್ಗಿಸಿದರೆ ಅಳುವಿನ ತಳವೂ ಅದರೊಂದಿಗೆ ಹೋಗಿ, ಕೊಳವೆಯೊಳಗಿಂದ ಯಾರೋ ಕೀರಲು ದನಿ ತೆಗೆದಂತಾಗುತ್ತಿತ್ತು. ಅಳುವನ್ನು ಉಳಿಸಿದರೆ ಮೊರೆತವೂ ಉಳಿಯುತ್ತಿತ್ತು. ಮತ್ತೆ ಮಾಡಿದಳು, ಬೇರೆ ರೀತಿ ಮಾಡಿದಳು. ಪ್ರತಿ ಸಲವೂ ತಾಯಿಯ ಅಳು ಮೊದಲಿನಿಂದ ಕೋಣೆ ತುಂಬುತ್ತಿತ್ತು, ತಾಯಿ ಅದನ್ನು ಬೇರೆ ಯಾರದೋ ಎಂಬಂತೆ ಕೈಕಟ್ಟಿ ಕೇಳುತ್ತಿದ್ದಳು. ಕೊನೆಗೆ ಮಾನ್ಯಾ ಮೌಸಿನಿಂದ ಕೈ ತೆಗೆದಳು.

"ಐ ಕಾಂಟ್, ಅಮ್ಮಾ. ಓನ್ಲಿ ಅಪ್ಪ ಕುಡ್ ಡೂ ದಿಸ್."

"ಏನದು ಅಂತ ಹೇಳೇ."

ಮಾನ್ಯಾ ತಾನು ಗುಂಡಿ ಒತ್ತಿದ ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. ಅಷ್ಟು ಹೊತ್ತಿಗೆ ಸಂಗನಬಸಪ್ಪನಿಗೂ ತಿಳಿದಿತ್ತು. ಎಡಗಡೆಯ ಆ ಲೋಹದ ಪೆಟ್ಟಿಗೆ, ಆ ಕೊಳವೆಗಳು, ಅಲ್ಲಿ ಯಾರೂ ನಿಲ್ಲದೆ ಇದ್ದದ್ದು ಯಾಕೆಂಬುದು. ಮೆಟ್ಟಿಲ ಮೇಲೆ ಕೂತ.

"ಅಕ್ಕಾರ, ನಮ್ಮೊಳಗ ಮಣ್ಣು ಕೊಡ್ತಾರ್ರಿ," ಎಂದ. "ನನಗ ಗೊತ್ತಿರಲಿಲ್ಲ. ನಾ ಬೆಂಕಿ ಬಾಜೂಕೇ ನಿಂತಿದ್ದೆ."

ಕೌಸಲ್ಯಾ ಅವನನ್ನು ನೋಡಿದಳು, ಮಗಳನ್ನು ನೋಡಿದಳು. ತಿಳಿಯಿತು.  ಮತ್ತೆ ಅಳುತ್ತಾಳೆಂದು ಇಬ್ಬರೂ ಕಾದರು. ಅವಳಿಗೆ ಅಳು ಬರಲಿಲ್ಲ.

"ಇನ್ನೊಂದ್ಸಲ ಹಾಕು," ಎಂದಳು.

"ಅಮ್ಮಾ, ಪ್ಲೀಸ್."

"ಹಾಕು. ತೆಗೀಬೇಡ ಏನನ್ನೂ. ಯುಗಾದಿ ದಿನ ಜನ ಕೇಳಿದ್ರೆ ಏನೋ ಗಾಳಿ ಬೀಸ್ತಿದೆ ಅನ್ಕೋತಾರೆ." ಆಮೇಲೆ ಸಂಗನಬಸಪ್ಪನ ಕಡೆ ತಿರುಗಿದಳು. "ನೀವು ಪೆಟ್ಟಿಗೆ ತಗೊಳ್ಳಿ ಸಂಗಣ್ಣ. ಮುಚ್ಚಬೇಡಿ. ಜೊತೆಗಿರಿ ಅಷ್ಟೆ."

ಹೋದ ಸಲ ಬಿಟ್ಟುಹೋಗಿದ್ದ ಹಾರ್ಮೋನಿಯಂ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಸಂಗನಬಸಪ್ಪ ಅದರ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ತಂದೆ ಕಲಿಸಿದ ಒಂದು ಆಲಾಪವೂ ನೆನಪಿಗೆ ಬರಲಿಲ್ಲ, ಬೇಕೂ ಆಗಲಿಲ್ಲ. ಮಾನ್ಯಾ ರೀಲು ಬಿಟ್ಟಳು. ಉಸಿರು ಬಂತು, ಅಳು ಬಂತು, ಮೊರೆತ ಎದ್ದಿತು. ಅವನು ಕಿವಿಗೊಟ್ಟು ಪೆಟ್ಟಿಗೆಯ ಬಿಳಿಯ ಮನೆಗಳಲ್ಲಿ ಮೂರನೆಯದನ್ನು ಒತ್ತಿ ನೋಡಿದ, ಕೂಡಲಿಲ್ಲ. ಕರಿಯ ಎರಡಕ್ಕೆ ಸರಿದ, ಸ್ವಲ್ಪ ಏರಾಯಿತು. ಬಿಳಿಯ ಎರಡರ ಮೇಲೆ ಬೆರಳಿಟ್ಟಾಗ ಮೊರೆತವೂ ಪೆಟ್ಟಿಗೆಯೂ ಒಂದರೊಳಗೊಂದು ಸೇರಿ, ಯಾವುದು ಯಾವುದೆಂದು ತಿಳಿಯದಾಯಿತು.

ಅದನ್ನೇ ಶ್ರುತಿಯಾಗಿ ಒತ್ತಿ ಹಿಡಿದ. ಕಂಪ್ಯೂಟರಿನ ಪರದೆಯ ಮೇಲೆ ಗಾಡಿ ಮರೆಯಾಯಿತು, ಹೆಂಗಸು ಬಾಯಿ ಮುಚ್ಚಿದಳು, ರೀಲು ಮುಗಿದು ಬರಿಯ ಬೆಳಕು ಉಳಿಯಿತು. ಒಂದು ಬೆರಳನ್ನು ಆ ಬಿಳಿಯ ಮನೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸಂಗನಬಸಪ್ಪ ತಿದಿ ಒತ್ತುತ್ತಲೇ ಇದ್ದ.